ನಮ್ಮ ಶಾಂತ ಊರು

ಸುರಪುರ ಗುಡ್ಡದ ನಡುವಿನ ಸಣ್ಣ ಊರು. 1858ರಲ್ಲಿ ರಾಜಾ ವೆಂಕಟಪ್ಪ ನಾಯಕರು ಇಲ್ಲಿ ಬ್ರಿಟಿಷರ ಕೂಡ ಕಾದಾಡಿದರು. ಅಂದು ಗುಂಡಿನ ಸದ್ದು. ಇಂದು ಊರು ಶಾಂತ.

ಸಂಜೆ ಕಟ್ಟೆ ಮೇಲೆ ಕೂತು ಮಾತಾಡುತ್ತೇವೆ. ಒಬ್ಬರಿಗೆ ಜ್ವರ ಬಂದರೆ ಓಣಿಯೇ ಬಂದು ಕೇಳುತ್ತದೆ. ಈ ಶಾಂತಿ ಚಂದ.

ಸುಗ್ಗಿ ಮುಗಿದ ಮೇಲೆ ಊರು ಮತ್ತೂ ಸುಮ್ಮನಾಗುತ್ತದೆ. ನಮ್ಮ ಭಾಗದ ಮಂದಿ ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಮನೆಗೆ ಬೀಗ. ಸಾಲಿಯಲ್ಲಿ ನಾನು ಹಾಜರಿ ಕೂಗುತ್ತೇನೆ. ಕೆಲವು ಹೆಸರಿಗೆ ‘ಹಾಜರ ರೀ’ ಅನ್ನೋರಿಲ್ಲ. ಈ ಮೌನ ಬ್ಯಾಡ.

ಅಕ್ಕಂದಿರೇ, ಹೊಟ್ಟೆಪಾಡು ದೊಡ್ಡದು, ಗೊತ್ತು. ಗುಳೆ ಹೋಗುವಾಗ ಮಕ್ಕಳನ್ನು ಅಜ್ಜಿ ಹತ್ತಿರ ಬಿಡಿ. ಅಜ್ಜಿ ಇಲ್ಲವೇ? ಮೊದಲೇ ಸಾಲಿಗೆ ಬಂದು ತಿಳಿಸಿ. ಕೂಡಿ ದಾರಿ ಹುಡುಕೋಣ.

ಓದಿ, ಬರೆಯಿರಿ: ಗುಳೆ, ಸಾಲಿ, ಹಾಜರಿ.