ಈರುಳ್ಳಿ ಬೇಡ ಎಂದ ಹಿಪ್ಪೊಲಿಟ್

ಈ ಸಲ ನಾನು ಹಂಗೇರಿ ದೇಶದ ಒಂದು ಹಳೆಯ ನಗೆ ಸಿನಿಮಾದ ಬಗ್ಗೆ ಬರೆದಿದ್ದೇನೆ.

ಹಂಗೇರಿ ಯುರೋಪ್ ಖಂಡದಲ್ಲಿದೆ. ಅದರ ರಾಜಧಾನಿ ಬುಡಾಪೆಸ್ಟ್. ಅಲ್ಲಿಯ ಮೊದಲ ಮಾತಿನ ಚಿತ್ರ 'ನೀಲಿ ವಿಗ್ರಹ' 1931ರಲ್ಲಿ ಬಂತು. ಅದು ಅಷ್ಟಾಗಿ ಓಡಲಿಲ್ಲ. ಅದೇ ವರ್ಷ ನವೆಂಬರ್ 27ರಂದು ಬಂದ ಎರಡನೆಯ ಚಿತ್ರವೇ 'ಸೇವಕ ಹಿಪ್ಪೊಲಿಟ್'. ಇದನ್ನು ಜನ ಬಹಳ ಮೆಚ್ಚಿದರು. ನಮ್ಮ ದೇಶದ ಮೊದಲ ಮಾತಿನ ಚಿತ್ರ 'ಆಲಂ ಆರಾ' ಬಂದದ್ದೂ 1931ರಲ್ಲೇ.

ಕಥೆ ಹೀಗಿದೆ. ಶ್ನೈಡರ್ ಎಂಬಾತ ಸಾಮಾನು ಸಾಗಿಸುವ ವ್ಯಾಪಾರ ಮಾಡಿ ಹಣವಂತನಾದ. ಅವನ ಹೆಂಡತಿಗೆ ದೊಡ್ಡ ಮನೆತನದವರ ಹಾಗೆ ಬದುಕುವ ಆಸೆ. ಅದಕ್ಕೆ ಜಹಗೀರುದಾರರ ಮನೆಯಲ್ಲಿ ಕೆಲಸ ಮಾಡಿದ್ದ ಹಿಪ್ಪೊಲಿಟ್‌ನನ್ನು ಕರಕೊಂಡು ಬಂದಳು. ಅವನು ಆಳಾಗಿ ಬಂದು ಯಜಮಾನನಾಗಿಬಿಟ್ಟ! ಊಟಕ್ಕೆ ಕೂರಬೇಕಾದರೆ ಕೋಟು ಹಾಕ್ಕೋಬೇಕು, ಈರುಳ್ಳಿ ತಿನ್ನಬಾರದು. ಪಾಪ, ಶ್ನೈಡರ್‌ಗೆ ಈರುಳ್ಳಿ ಅಂದ್ರೆ ಪ್ರಾಣ. ಕೊನೆಗೆ ಅವನಿಗೆ ಸಿಟ್ಟು ಬಂದು ಹಿಪ್ಪೊಲಿಟ್‌ನನ್ನು ಕೆಲಸದಿಂದ ಬಿಡಿಸುತ್ತಾನೆ.

ಈ ಚಿತ್ರವನ್ನು ಬುಡಾಪೆಸ್ಟಿನ ಹುನ್ನಿಯಾ ಸ್ಟುಡಿಯೋದಲ್ಲಿ ತೆಗೆದರು. ನಿರ್ದೇಶಕರು ಇಶ್ತ್ವಾನ್ ಸೇಕೆಯ್. ಒಂದು ಭಾಷೆಯ ಚಿತ್ರಕ್ಕೆ ಇನ್ನೊಂದು ಭಾಷೆಯ ಮಾತು ಸೇರಿಸುವ ಪದ್ಧತಿ ಆಗ ಇನ್ನೂ ಸರಿಯಾಗಿ ಬಳಕೆಗೆ ಬಂದಿರಲಿಲ್ಲ. ಆದ್ದರಿಂದ ಇದೇ ಕಥೆಯನ್ನು ಜರ್ಮನ್ ಭಾಷೆಯಲ್ಲಿ ಬೇರೆಯಾಗಿಯೇ ತೆಗೆದರು. ಒಂದೇ ಕಥೆ, ಎರಡು ಸಿನಿಮಾ!

ಶ್ನೈಡರ್ ಪಾತ್ರ ಮಾಡಿದವರು ಗ್ಯೂಲಾ ಕಾಬೋಶ್. ಅವರು ಯಹೂದಿಗಳು. 1938ರಲ್ಲಿ ಹಂಗೇರಿ ಸರ್ಕಾರ ಯಹೂದಿಗಳ ಉದ್ಯೋಗಕ್ಕೆ ಮಿತಿ ಹಾಕುವ ಕಾನೂನು ತಂತು. ಇಡೀ ದೇಶವನ್ನು ನಗಿಸಿದ ಕಾಬೋಶ್ ಅಮೆರಿಕಕ್ಕೆ ಹೋಗಬೇಕಾಯಿತು. 1941ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಇದನ್ನು ತಿಳಿದು ನನಗೆ ಬಹಳ ಬೇಜಾರಾಯಿತು. ಆದರೆ ಅವರ ಸಿನಿಮಾವನ್ನು ಆ ದೇಶದ ಜನ ಮರೆಯಲಿಲ್ಲ. 2000ದಲ್ಲಿ ಹಂಗೇರಿಯ ಸಿನಿಮಾ ತಿಳಿದವರು ಆರಿಸಿದ 12 ಉತ್ತಮ ಚಿತ್ರಗಳಲ್ಲಿ ಇದೂ ಒಂದು.

ಒಂದು ಸಲ ಪೇಟೆಯ ನೆಂಟರು ಬಂದಿದ್ದಾಗ ನಮ್ಮಪ್ಪ ಈರುಳ್ಳಿಯನ್ನು ಕೈಯಲ್ಲೇ ಗುದ್ದಿ ಮುದ್ದೆ ಜೊತೆ ತಿಂದರು. ನನಗೆ ನಾಚಿಕೆಯಾಗಿ ತಲೆ ತಗ್ಗಿಸಿದ್ದೆ. ಆವತ್ತು ನಾನೇ ಹಿಪ್ಪೊಲಿಟ್ ಆಗಿದ್ದೆ ಅಂತ ಈಗ ಅನ್ನಿಸುತ್ತೆ. ದುಡ್ಡು ಬಂದರೂ, ನೆಂಟರು ಬಂದರೂ ನಮ್ಮ ಊಟಕ್ಕೆ ನಾವು ನಾಚಬಾರದು. ಇದೇ ಈ ಕಥೆಯಿಂದ ನಾನು ಕಲಿತ ಪಾಠ.