ಗೋಲ್ಡ್ ಫಿಶ್‌ಗೆ ಕಾಳು ಹೆಚ್ಚಾದರೆ: ಮೊದಲು ನೀರು ನೋಡ್ರಿ

ಮಾರ್ಚ್ ತಿಂಗಳಂದ್ರ ನಮ್ಮ ಐಗಳಿಯಲ್ಲಿ ಹಗಲು ಹೊತ್ತು ಮನೆಯಲ್ಲಿ ಯಾರೂ ಸಿಗುವುದಿಲ್ಲ. ದ್ರಾಕ್ಷಿ ಕಟಾವು, ಒಣದ್ರಾಕ್ಷಿ ಶೆಡ್ಡು, ಅಲ್ಲೇ ಊಟ. ಹಿಂಗ ಒಂದು ದಿನ ಸಂಜೆ ಮನೆಗೆ ಬಂದು ನೋಡಿದರೆ ಪಡಸಾಲೆಯಲ್ಲಿರುವ ಮೀನಿನ ಗಾಜಿನ ಪೆಟ್ಟಿಗೆಯ ನೀರು ಅಕ್ಕಿ ತೊಳೆದ ನೀರಿನಂಗ ಬೆಳ್ಳಗಾಗಿತ್ತು. ತಳದಲ್ಲಿ ಬೆರಳು ದಪ್ಪ ಕಾಳು ನೆನೆದು ಉಬ್ಬಿ ಕೂತಿತ್ತು. ನಾಲ್ಕು ಗೋಲ್ಡ್ ಫಿಶ್ ಮೇಲೆ ಬಂದು ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದವು.

ಅಣ್ಣನ ಮಗ, ಆರು ವರ್ಷದವ, ಬಾಗಿಲ ಹಿಂದೆ ನಿಂತಿದ್ದ. “ಕಾಕಾ, ಅವು ಬಾಯಿ ತಗ್ಯಾಕತ್ತಿದ್ವು. ಹಸದಾವ ಅಂತ ಅರ್ಧ ಡಬ್ಬಿ ಹಾಕೀನಿ” ಅಂದ.

ಅವನಿಗೆ ಬೈಯುವ ಬಾಯಿ ನನಗಿರಲಿಲ್ಲ. ಹಿಂದಿನ ವರ್ಷ ಇದೇ ತಪ್ಪು ನಾನೇ ಮಾಡಿದ್ದೆ. ಊರಿಗೆ ಹೋಗುವಾಗ ಮೂರು ದಿನದ್ದು ಒಮ್ಮೆಲೇ ಹಾಕಿ ಹೋದೆ. ಬಂದ ಮೇಲೆ ಗಾಬರಿಯಾಗಿ ಇಡೀ ನೀರು ಚೆಲ್ಲಿ, ಫಿಲ್ಟರಿನ ಸ್ಪಂಜನ್ನು ನಳದ ಕೆಳಗೆ ತಿಕ್ಕಿ ತೊಳೆದು, ಬೋರಿನ ನೀರು ಸೀದಾ ತುಂಬಿಸಿದೆ. ಮರುದಿನ ಬೆಳಿಗ್ಗೆ ಮೂರೂ ಮೀನು ಮಗ್ಗಲಾಗಿ ತೇಲುತ್ತಿದ್ದವು. ಅವನ್ನು ಕೊಂದದ್ದು ಕಾಳಲ್ಲ, ನನ್ನ ಸ್ವಚ್ಛತೆ. ಅದು ತಿಳಿಯಲು ನನಗೆ ಬಹಳ ದಿನ ಹಿಡಿಯಿತು.

ಗೋಲ್ಡ್ ಫಿಶ್ ನಮ್ಮ ಕೃಷಿ ಹೊಂಡದ ಕಟ್ಲಾ, ರೋಹು, ಸಾಮಾನ್ಯ ಗೆಂಡೆಯ ಬಳಗದ್ದೇ ಮೀನು. ಸಾವಿರ ವರ್ಷದ ಹಿಂದೆ ಚೀನಾದವರು ಗೆಂಡೆ ಜಾತಿಯ ಮೀನನ್ನು ಆರಿಸಿ ಆರಿಸಿ ಬಣ್ಣಕ್ಕಾಗಿ ಬೆಳೆಸಿದರು. ಇದಕ್ಕೆ ನಮ್ಮಂತೆ ಜಠರವಿಲ್ಲ, ಉದ್ದನೆಯ ಕರುಳು ಅಷ್ಟೇ. ಹೊಟ್ಟೆ ತುಂಬಿತು ಎಂದು ಬಿಡುವ ಸ್ವಭಾವ ಕಡಿಮೆ. ಕಾಳು ಕಂಡಷ್ಟು ಹೊತ್ತು ತಿನ್ನುತ್ತದೆ. ಆದರೆ ಹೆಚ್ಚು ತಿಂದು ಸಾಯುವ ಮೀನಿಗಿಂತ ತಿನ್ನದೆ ಉಳಿದ ಕಾಳು ಕೊಳೆತು ಸಾಯುವ ಮೀನೇ ಹೆಚ್ಚು.

ಗೊಬ್ಬರದ ಚೀಲ ಓದುವ ನಮಗೆ ಲೆಕ್ಕ ಸುಲಭ. ಪ್ರೋಟೀನಿನಲ್ಲಿ 16 ಪ್ರತಿಶತ ಸಾರಜನಕ. ಡಬ್ಬಿಯ ಮೇಲೆ ಪ್ರೋಟೀನ್ 30 ಪ್ರತಿಶತ ಅಂತ ಬರೆದಿತ್ತು. ಹುಡುಗ ಹಾಕಿದ್ದು 50 ಗ್ರಾಂ, ಅಂದರೆ 15 ಗ್ರಾಂ ಪ್ರೋಟೀನ್, ಅದರಲ್ಲಿ 2.4 ಗ್ರಾಂ ಸಾರಜನಕ. ಪೆಟ್ಟಿಗೆಯ ನೀರು 50 ಲೀಟರ್. ಎಲ್ಲಾ ಕೊಳೆತು ಅಮೋನಿಯಾ ಆದರೆ ಲೀಟರಿಗೆ 48 ಮಿಲಿಗ್ರಾಂ! 1 ಮಿಲಿಗ್ರಾಂ ಆದರೇ ಚಿಂತೆ ಮಾಡಬೇಕು. (50 ಲೀಟರಿಗೆ ನಾಲ್ಕು ಮೀನು ಮೊದಲೇ ಹೆಚ್ಚು, ಅದು ನನ್ನ ತಪ್ಪು.)

ಅದಕ್ಕೇ ಈ ಸಲ ಮೊದಲು ಕಾಳು ಹೊರಗೆ ತೆಗೆದೆ. ಡ್ರಿಪ್ಪಿನ ಲ್ಯಾಟರಲ್ ಪೈಪು ಐದು ಅಡಿ ತುಂಡು ಮಾಡಿ, ಅದರಲ್ಲಿ ನೀರು ತುಂಬಿ, ಬಾಯಿಗೆ ಹೆಬ್ಬೆರಳು ಒತ್ತಿ, ಒಂದು ತುದಿ ತಳಕ್ಕೆ, ಇನ್ನೊಂದು ನೆಲದ ಮೇಲಿನ ಬಕೆಟ್ಟಿಗೆ. ನೀರಿನ ಜೊತೆ ಕಾಳೂ ಎಳೆದುಕೊಂಡು ಬರುತ್ತದೆ. ತೇಲುವುದನ್ನು ಚಹಾ ಸೋಸುವ ಜಾಳಿಗೆಯಿಂದ ತೆಗೆಯಿರಿ. ಹಿಂಗ ಅರ್ಧ ನೀರು ಹೋಗುವಷ್ಟರಲ್ಲಿ ತಳ ಸ್ವಚ್ಛವಾಗುತ್ತದೆ. ಅರ್ಧಕ್ಕಿಂತ ಹೆಚ್ಚು ತೆಗೆಯಬ್ಯಾಡ್ರಿ.

ಯಾಕೆ? ಕರಿ ಭೂಮಿಗೆ ಯೂರಿಯಾ ಚೆಲ್ಲಿ ಮುಚ್ಚದೆ ಬಿಟ್ಟರೆ ಅಮೋನಿಯಾ ಗಾಳಿಗೆ ಹಾರುತ್ತದಲ್ಲ, ಮಣ್ಣು ಕ್ಷಾರ ಆದಷ್ಟೂ ಹೆಚ್ಚು? ನೀರಿನಲ್ಲೂ ಅದೇ ಆಟ. ಅಮೋನಿಯಾ ಎರಡು ರೂಪದಲ್ಲಿರುತ್ತದೆ, ಒಂದು ಸೌಮ್ಯ, ಒಂದು ವಿಷ. ಪಿಎಚ್ ಮತ್ತು ಬಿಸಿ ಏರಿದಷ್ಟೂ ಸೌಮ್ಯವಾದದ್ದು ವಿಷವಾಗುತ್ತದೆ. ಪೆಟ್ಟಿಗೆಯ ಹಳೆ ನೀರು ಸ್ವಲ್ಪ ಹುಳಿಯಾಗಿರುತ್ತದೆ, ನಮ್ಮ ಬೋರಿನ ನೀರು ಗಡಸು, ಕ್ಷಾರ. ಒಮ್ಮೆಲೇ ತುಂಬಿಸಿದರೆ ಪಿಎಚ್ ಜಿಗಿಯುತ್ತದೆ. ಕೊಳೆತ ಕಾಳಿನ ಚೂರು ಅಲ್ಲೇ ಉಳಿದಿದ್ದರೆ ಮುಗಿದಂಗ. ಹಿಂದಿನ ವರ್ಷ ನನ್ನ ಮೂರು ಮೀನು ಹೋದದ್ದು ಹೀಗೇ.

ಸ್ಪಂಜು ತೊಳೆದದ್ದು ಇನ್ನೊಂದು ಪೆಟ್ಟು. ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಅದರಲ್ಲೇ ಮನೆ ಮಾಡಿರುತ್ತವೆ. ಹೊಲದ ಮಣ್ಣಿನಲ್ಲಿ ಯೂರಿಯಾ ಬೆಳೆಗೆ ದಕ್ಕುವಂತೆ ಮಾಡುವ ಕೆಲಸವೂ ಇಂಥವರದೇ. ಬ್ಲೀಚಿಂಗ್ ಪೌಡರ್ ಬಿಟ್ಟ ನಳದ ನೀರಿನಲ್ಲಿ ತಿಕ್ಕಿದರೆ ಅವು ಸಾಯುತ್ತವೆ. ಸ್ಪಂಜು ಕಟ್ಟಿಕೊಂಡಿದ್ದರೆ ಹೊರತೆಗೆದ ಪೆಟ್ಟಿಗೆ ನೀರಿನಲ್ಲೇ ಎರಡು ಸಲ ಅದ್ದಿ ಹಿಂಡಿ, ಸಾಕು.

ಹೊಸ ನೀರು ನಳದ್ದಾದರೆ ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟದ್ದಿರಲಿ. ಬೋರಿನದಾದರೆ ಕ್ಲೋರಿನ್ ಇಲ್ಲ, ಆದರೆ ಅದರಲ್ಲಿ ಆಮ್ಲಜನಕ ಕಡಿಮೆ. ಎರಡು ಬಕೆಟ್ಟಿನ ನಡುವೆ ಎತ್ತರದಿಂದ ಹತ್ತು ಸಲ ಸುರಿಯಿರಿ. ಕೈಯಿಟ್ಟು ನೋಡಿದರೆ ಹಳೆ ನೀರಿನಷ್ಟೇ ಬೆಚ್ಚಗಿರಬೇಕು. ಬಕೆಟ್ಟಿನ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಬೋರ್ಡೋ ದ್ರಾವಣ ಕಲೆಸಿದ, ಔಷಧ ಹೊಡೆಯಲು ಬಳಸಿದ ಬಕೆಟ್ಟು ಎಷ್ಟು ತೊಳೆದರೂ ಮೀನಿಗೆ ಬೇಡ. ಮೈಲುತುತ್ತದ ತಾಮ್ರ ಎಲೆಗೆ ಔಷಧ, ಮೀನಿಗೆ ವಿಷ.

ಗಾಳಿ ಪಂಪು ರಾತ್ರಿಯಿಡೀ ನಡೆಯಲಿ. ಕೊಳೆಯುವ ಕಾಳು ಆಮ್ಲಜನಕ ತಿನ್ನುತ್ತದೆ. ಅದರ ಮೇಲೆ ಬೇಸಿಗೆ: 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ 30 ಡಿಗ್ರಿಯದು ಏಳೂವರೆ ಅಷ್ಟೇ. ಕರೆಂಟ್ ಹೋಯಿತೋ, ಚೊಂಬಿನಿಂದ ಎತ್ತಿ ಎತ್ತಿ ಸುರಿಯಬೇಕು. ಅವತ್ತು ರಾತ್ರಿ ವೈನಿ ಒಂದು ತಾಸು, ನಾನೊಂದು ತಾಸು ಸುರಿದೆವು.

ಕಾಳು ಪೂರ್ತಿ ಬಂದ್. ಮೂರು ದಿನ ಏನೂ ಹಾಕಲಿಲ್ಲ. ಬೆಳೆದ ಗೋಲ್ಡ್ ಫಿಶ್ ವಾರ ಉಪವಾಸ ಇದ್ದರೂ ಏನೂ ಆಗುವುದಿಲ್ಲ, ನಮ್ಮ ಆಯಿ ಅದನ್ನು ನಂಬಲಿಲ್ಲ, ಬಿಡ್ರಿ. ದಿನಾ ಬೆಳಿಗ್ಗೆ ಕಾಲು ಭಾಗ ನೀರು ಬದಲಿಸಿದೆ. ಅಮೋನಿಯಾ, ನೈಟ್ರೈಟ್ ನೋಡುವ ಹನಿ ಔಷಧದ ಕಿಟ್ ಬಣ್ಣದ ಮೀನಿನ ಅಂಗಡಿಗಳಲ್ಲಿ ಸಿಗುತ್ತದೆ, ತಂದಿಟ್ಟುಕೊಳ್ಳಿ. ಅಮೋನಿಯಾ ಇಳಿದ ಮೇಲೆ ನೈಟ್ರೈಟ್ ಏರುವುದುಂಟು. ಅದು ಮೀನಿನ ರಕ್ತ ಆಮ್ಲಜನಕ ಹೊರದಂತೆ ಮಾಡುತ್ತದೆ, ಕಿವಿರು ಕಂದು ಬಣ್ಣಕ್ಕೆ ತಿರುಗುತ್ತದೆ. ಆಗ ಉಪ್ಪು ನೆರವಾಗುತ್ತದೆ: ಲೀಟರಿಗೆ 1 ಗ್ರಾಂ, ಚೊಂಬಿನಲ್ಲಿ ಕರಗಿಸಿ ಎರಡು ಸಲಕ್ಕೆ ಹಾಕಿ. ಉಪ್ಪಿನ ಕ್ಲೋರೈಡ್ ನೈಟ್ರೈಟ್ ಒಳಗೆ ಹೋಗದಂತೆ ತಡೆಯುತ್ತದೆ. ಮನೆಯಲ್ಲಿರುವ ಆಂಟಿಬಯಾಟಿಕ್ ಪುಡಿ ಮಾತ್ರ ಹಾಕಬ್ಯಾಡ್ರಿ, ಒಳ್ಳೆಯ ಬ್ಯಾಕ್ಟೀರಿಯಾವೂ ಹೋಗುತ್ತವೆ. ಉಪ್ಪು ಹಾಕುವ ಮೊದಲಿನ ಹಳೆ ನೀರು ಕರಿಬೇವಿನ ಬುಡಕ್ಕೆ ಒಳ್ಳೆಯದು.

ಹೊಟ್ಟೆ ಉಬ್ಬಿ ತಲೆಕೆಳಗಾಗಿ ತೇಲುವ ಮೀನಿಗೂ ಮೊದಲ ಔಷಧ ಉಪವಾಸವೇ. ನಾಲ್ಕನೇ ದಿನ ಬೇಯಿಸಿದ ಬಟಾಣಿಯ ಸಿಪ್ಪೆ ತೆಗೆದು ಚೂರು ಕೊಡಬಹುದು. ಹುರುಪೆ ನಿಮಿರಿ ನಿಂತರೆ ಮಾತ್ರ ಬೇರೆ ರೋಗ, ತಿಳಿದವರಿಗೆ ತೋರಿಸಬೇಕು.

ನಮ್ಮ ನಾಲ್ಕರಲ್ಲಿ ಸಣ್ಣದೊಂದು ಮೂರನೇ ದಿನ ಸತ್ತಿತು. ಉಳಿದ ಮೂರು ವಾರಕ್ಕೆಲ್ಲ ಚುರುಕಾದವು. ಈಗ ಹುಡುಗನಿಗೆ ಖಾಲಿ ಮಾತ್ರೆ ಡಬ್ಬಿಯಲ್ಲಿ ಒಂದು ದಿನದ್ದಷ್ಟೇ ಕೊಡುತ್ತೇವೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ದೊಡ್ಡ ಡಬ್ಬಿ ಅಟ್ಟದ ಮೇಲೆ. ಮೀನು ಸಾಕುವುದು ಬೇಸರವಾದರೆ ಇನ್ನೊಬ್ಬರಿಗೆ ಕೊಡಿ, ಕೆರೆಗಾಗಲಿ ಕೃಷ್ಣಾ ನದಿಗಾಗಲಿ ಬಿಡಬೇಡಿ.

ಕೃಷಿ ಹೊಂಡದಲ್ಲಿ ಮೀನು ಬಿಟ್ಟವರಿಗೂ ಇದೇ ಪಾಠ. 200 ಗ್ರಾಂ ತೂಕದ 500 ಮೀನು ಅಂದರೆ 100 ಕಿಲೋ. ತೌಡು, ಶೇಂಗಾ ಹಿಂಡಿ ಸಮ ಸೇರಿಸಿ ದಿನಕ್ಕೆ ತೂಕದ 2ರಿಂದ 3 ಪ್ರತಿಶತ, ಅಂದರೆ 2–3 ಕಿಲೋ ಸಾಕು. ಆಳು ತಿಳಿಯದೆ 25 ಕಿಲೋ ಚೀಲ ಸುರಿದನೆಂದರೆ ಹೆಚ್ಚುಕಡಿಮೆ ಹತ್ತು ದಿನದ ಆಹಾರ ಒಂದೇ ದಿನ ಕೊಳೆಯುತ್ತದೆ. ಕೂಡಲೇ ಬಲೆಯಿಂದ ಆದಷ್ಟು ಎತ್ತಿ, ಆಹಾರ ನಿಲ್ಲಿಸಿ, ಹೊಂಡದ ನೀರನ್ನೇ ಪಂಪಿನಿಂದ ಎತ್ತಿ ಮಳೆಯಂತೆ ವಾಪಸ್ ಹೊಡೆಯಿರಿ. ಆಮ್ಲಜನಕ ತೀರಾ ಕಡಿಮೆಯಾಗುವುದು ಸೂರ್ಯ ಹುಟ್ಟುವ ಮೊದಲು, ಆ ಹೊತ್ತಿಗೆ ಪಂಪು ನಡೆದಿರಲೇಬೇಕು. ಗಾಬರಿಯಲ್ಲಿ ಸುಣ್ಣ ಚೆಲ್ಲಬ್ಯಾಡ್ರಿ, ಪಿಎಚ್ ಏರಿ ಅಮೋನಿಯಾ ವಿಷ ಹೆಚ್ಚುತ್ತದೆ. ಮುಂದೆ ಆಹಾರವನ್ನು ತೂತು ಮಾಡಿದ ಚೀಲದಲ್ಲಿ ತುಂಬಿ ನೀರಿಗೆ ಇಳಿಬಿಡಿ. ಸಂಜೆ ಚೀಲ ಎತ್ತಿದಾಗ ಉಳಿದಿದ್ದರೆ ಮರುದಿನ ಅಷ್ಟು ಕಡಿಮೆ ಹಾಕಿ.