ಮದುವೆ ವಿಡಿಯೋ ಕಾಪಿ ಆಗಲು ತಾಸು ಯಾಕೆ? ಹತ್ತನೇ ತರಗತಿಗೆ ಒಂದು ಪಾಠ

ಗದ್ವಾಲ, ಮಕ್ತಲ್, ನಮ್ಮ ವಡ್ಡೆಪಲ್ಲಿ ಕಡೆ ಮದುವೆ ಸೀಸನ್ ಬಂತಂದ್ರೆ ಫೋಟೋ ಸ್ಟುಡಿಯೋದವರಿಗೆ ನಿದ್ದೆ ಇರೋದಿಲ್ಲ. ಹತ್ತನೇ ತರಗತಿ ಮುಗಿಸಿದ ನಮ್ಮ ಕೆಲವು ಹುಡುಗರು ಅಂಥಲ್ಲಿಯೇ ಆಲ್ಬಂ ಡಿಸೈನ್, ವಿಡಿಯೋ ಎಡಿಟಿಂಗ್ ಕಲಿತು ದುಡೀತಾರೆ. ಅವರು ಬಂದು ಕೇಳುವ ಪ್ರಶ್ನೆ ಒಂದಿದೆ: "ಸರ್, ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಕಾಪಿ ಮಾಡೋಕೆ ತಾಸು ಹಿಡೀತದೆ. ದೊಡ್ಡ ಇಂಟರ್ನೆಟ್ ಪ್ಲಾನ್ ಹಾಕಿಸ್ಬೇಕೇನು?"

ಬೇಡ. ಒಂದೇ ಕೋಣೆಯ ಎರಡು ಕಂಪ್ಯೂಟರುಗಳ ನಡುವೆ ಓಡಾಡುವ ಫೈಲು ಇಂಟರ್ನೆಟ್ಟಿಗೆ ಹೋಗುವುದೇ ಇಲ್ಲ. ತಿಂಗಳು ತಿಂಗಳು ಹೆಚ್ಚು ದುಡ್ಡು ಕಟ್ಟಿದರೂ ಈ ತಾಸು ಕಡಿಮೆ ಆಗೋದಿಲ್ಲ. ಮೊದಲು ಮಕ್ಕಳಿಂದ ಲೆಕ್ಕ ಹಾಕಿಸೋಣ.

ವಿಡಿಯೋ 40 ಗಿಗಾಬೈಟ್ ಇದೆ ಅಂತ ಇಟ್ಟುಕೊಳ್ಳಿ, ಅಂದರೆ 40,000 ಮೆಗಾಬೈಟ್. ಹಳೆಯ ಸ್ವಿಚ್ಚಿನ ವೇಗ ಸೆಕೆಂಡಿಗೆ 100 ಮೆಗಾಬಿಟ್. ಬಿಟ್ ಬೇರೆ, ಬೈಟ್ ಬೇರೆ. 8 ಬಿಟ್ ಸೇರಿದರೆ ಒಂದು ಬೈಟ್. ಮಕ್ಕಳು ಎಡವುವುದು ಇಲ್ಲೇ. 100 ಅನ್ನು 8ರಿಂದ ಭಾಗಿಸಿದರೆ 12.5 ಮೆಗಾಬೈಟ್. 40,000 ಭಾಗಿಸು 12.5, ಉತ್ತರ 3,200 ಸೆಕೆಂಡು, ಸುಮಾರು 53 ನಿಮಿಷ. ಅದೇ 1000 ಮೆಗಾಬಿಟ್ಟಿನ ಗಿಗಾಬಿಟ್ ಸ್ವಿಚ್ಚಾದರೆ 320 ಸೆಕೆಂಡು. ನಿಜದಲ್ಲಿ ಸ್ವಲ್ಪ ಹೆಚ್ಚೇ ಹಿಡಿಯುತ್ತದೆ, ಆರು ನಿಮಿಷ ಅನ್ನಿ.

ವೈಫೈ ಆದರೆ? ಒಂದೇ ಚಾನೆಲ್ಲಿನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು, ನಮ್ಮ ಕ್ಲಾಸಿನ ಹಾಗೆ. ಎಲ್ಲರ ಫೋನೂ ಅದರಲ್ಲೇ ಇದ್ದರೆ ಸರದಿ ಕಾಯಬೇಕು. ದೊಡ್ಡ ಫೈಲಿಗೆ ಕೇಬಲ್ಲೇ ಸರಿ.

ಹೊಸ ಸ್ವಿಚ್ ತಂದರೂ ಕೆಲವು ಸಲ ವೇಗ 100ರಲ್ಲೇ ನಿಲ್ಲುತ್ತದೆ. ಆಗ ಕೇಬಲ್ ನೋಡ್ರಿ. ಅದರೊಳಗೆ ಎಂಟು ತಂತಿ, ನಾಲ್ಕು ಜೋಡಿ. 100 ಮೆಗಾಬಿಟ್ಟಿಗೆ ಎರಡು ಜೋಡಿ ಸಾಕು, ಗಿಗಾಬಿಟ್ಟಿಗೆ ನಾಲ್ಕೂ ಬೇಕು. ಕುರ್ಚಿ ಕಾಲಿಗೆ ಸಿಕ್ಕಿಯೋ, ಇಲಿ ಕಡಿದೋ ಒಂದು ತಂತಿ ಹೋದರೂ ಕೆಲವು ಸಲ ನೆಟ್‌ವರ್ಕ್ ನಡೀತಿರ್ತದೆ, ನಿಧಾನ ಮಾತ್ರ. ಹಾಗಾಗಿ ಯಾರಿಗೂ ಅನುಮಾನ ಬರೋದಿಲ್ಲ. ಕಂಪ್ಯೂಟರಿನ ನೆಟ್‌ವರ್ಕ್ ಸೆಟ್ಟಿಂಗ್ಸಿನಲ್ಲಿ ಲಿಂಕ್ ಸ್ಪೀಡ್ ಕಾಣುತ್ತದೆ. ಏನನ್ನಾದರೂ ಕೊಳ್ಳುವ ಮುಂಚೆ ಅದನ್ನು ನೋಡಬೇಕು. ಅಲ್ಲಿ 1000 ಇದ್ದರೂ ನಿಧಾನವೇ ಅಂದ್ರೆ ಡಿಸ್ಕ್ ನೋಡಿ. ವಿಡಿಯೋ ಅಗ್ಗದ ಪೆನ್‌ಡ್ರೈವಿನಲ್ಲಿದ್ದರೆ ಕೇಬಲ್ ಏನು ಮಾಡೀತು?

ಇನ್ನು ನಮ್ಮ ಪಾಠದ ಭಾಗ. ಆ ತಂತಿಗಳನ್ನು ಜೋಡಿ ಜೋಡಿಯಾಗಿ ಹುರಿಗೊಳಿಸಿರುವುದು ಯಾಕೆ? ಪಕ್ಕದಲ್ಲಿ ಕರೆಂಟಿನ ವೈರು ಹೋಗಿದ್ದರೆ ಅದರ ಸುತ್ತ ಬದಲಾಗುವ ಕಾಂತಕ್ಷೇತ್ರ ಇರುತ್ತದೆ. 1831ರಲ್ಲಿ ಫ್ಯಾರಡೆ ಕಂಡುಕೊಂಡ ವಿದ್ಯುತ್ಕಾಂತೀಯ ಪ್ರೇರಣೆಯಿಂದ ಜೋಡಿಯಲ್ಲಿ ಬೇಡದ ವೋಲ್ಟೇಜ್ ಹುಟ್ಟುತ್ತದೆ. ಹುರಿ ಇದ್ದರೆ ಒಂದು ಸುತ್ತಿನಲ್ಲಿ ಹುಟ್ಟಿದ್ದಕ್ಕೆ ಮುಂದಿನ ಸುತ್ತಿನದು ವಿರುದ್ಧ. ಎರಡೂ ಹೆಚ್ಚುಕಡಿಮೆ ವಜಾ ಆಗುತ್ತವೆ. ಪುಸ್ತಕದ ಕಾಯಿಲ್ ಚಿತ್ರಕ್ಕಿಂತ ಇದು ಮಕ್ಕಳ ತಲೆಗೆ ಬೇಗ ಹತ್ತುತ್ತದೆ ಅಂತ ನನ್ನ ಅನಿಸಿಕೆ.

ಚಟುವಟಿಕೆ: ಬಿಸಾಡಿದ ನೆಟ್‌ವರ್ಕ್ ಕೇಬಲ್ಲಿನ ಒಂದು ಗೇಣು ತುಂಡು ತನ್ನಿ (ಕರೆಂಟಿನ ವೈರು ಮುಟ್ಟಿಸಬೇಡಿ). ಮೇಲಿನ ಸಿಪ್ಪೆ ಸುಲಿದು ಕಿತ್ತಳೆ, ಹಸಿರು, ನೀಲಿ, ಕಂದು ಜೋಡಿಗಳನ್ನು ಬೇರೆ ಮಾಡಿಸಿ. 10 ಸೆಂಟಿಮೀಟರಿನಲ್ಲಿ ಪ್ರತಿ ಜೋಡಿಗೆ ಎಷ್ಟು ಸುತ್ತು ಅಂತ ಸ್ಕೇಲ್ ಹಿಡಿದು ಎಣಿಸಲಿ. ನಾಲ್ಕಕ್ಕೂ ಎಣಿಕೆ ಒಂದೇ ಬರೋದಿಲ್ಲ. ಯಾಕೆಂದು ಕೇಳಿ, ಒಂದು ದಿನ ಯೋಚಿಸೋಕೆ ಬಿಡಿ. ಸುಳಿವು ಬೇಕಾದರೆ ಇಷ್ಟು ಹೇಳಿ: ಒಂದು ಜೋಡಿಗೆ ತೊಂದರೆ ಕೊಡುವುದು ಹೊರಗಿನ ಕರೆಂಟ್ ವೈರು ಮಾತ್ರವಲ್ಲ, ಪಕ್ಕದ ಜೋಡಿಯೂ ಹೌದು.